ಅಡ್ಡಗೋಡೆಯ ಮೇಲಿನ ದೀಪ: ಜಾರಿಕೊಳ್ಳುವ ಮಾತನ್ನು ಹಿಡಿದು ನಿಲ್ಲಿಸುವುದು ಹೇಗೆ

‘ನಿಮ್ಮ ದೂರನ್ನು ಗಂಭೀರವಾಗಿ ಪರಿಗಣಿಸಲಾಗಿದ್ದು, ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ. ಆದಷ್ಟು ಬೇಗ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’

ಸುಳ್ಳು ಎಂದು ಬೆರಳಿಟ್ಟು ತೋರಿಸುವಂಥದ್ದು ಈ ಎರಡು ವಾಕ್ಯಗಳಲ್ಲಿ ಒಂದೂ ಇಲ್ಲ. ಕೊಟ್ಟ ಮಾತೂ ಇಲ್ಲ. ಪರಿಗಣಿಸಿದವರು ಯಾರು, ಯಾರ ಗಮನಕ್ಕೆ ಬಂತು, ಬೇಗ ಎಂದರೆ ಯಾವ ತಾರೀಖು, ಕ್ರಮ ಸೂಕ್ತವೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು, ಎಲ್ಲವೂ ಖಾಲಿ. ಆದರೂ ಓದಿದವರಿಗೆ ಏನೋ ನಡೆಯುತ್ತಿದೆ ಎಂಬ ಸಮಾಧಾನ ಸಿಗುತ್ತದೆ. ಆರು ತಿಂಗಳ ಮೇಲೆ ಹೋಗಿ ಜಗಳ ತೆಗೆದರೂ ಬರೆದವರು ಮಾತು ತಪ್ಪಿದರು ಎಂದು ಸಾಬೀತು ಮಾಡಲಾಗದು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದು ಅಂದರೆ ಇದೇ. ಈ ಕಡೆಯವರಿಗೂ ಬೆಳಕು ಕಾಣುತ್ತದೆ, ಆ ಕಡೆಯವರಿಗೂ ಕಾಣುತ್ತದೆ, ದೀಪ ಯಾವ ಕಡೆಯದು ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಇಂಥ ಮಾತನ್ನು ಗುರುತಿಸುವುದು, ಬಿಡಿಸಿ ನೋಡುವುದು, ಬೇಕಾದ ಪ್ರಶ್ನೆ ಕೇಳಿ ಗಟ್ಟಿ ಮಾಡಿಕೊಳ್ಳುವುದು ಕಲಿಯಬಹುದಾದ ಕೆಲಸ. ಮೂರನೆಯದೇ ಕಷ್ಟ. ಹೆಚ್ಚಿನವರು ಮೊದಲನೆಯದರಲ್ಲಿ ಜಾಣರಾಗಿ, ‘ಇವರು ಜಾರಿಕೊಳ್ಳುತ್ತಿದ್ದಾರೆ’ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಅಲ್ಲಿಗೇ ಬಿಡುತ್ತಾರೆ.

ಖಾಲಿ ಜಾಗ ತುಂಬುವವರು ಯಾರು

ಜಾರುವ ಮಾತಿನ ಕೆಲಸ ಅರ್ಧ ಮಾತ್ರ ಆಡಿದವರದು. ಉಳಿದರ್ಧವನ್ನು ಕೇಳಿದವರು ಮಾಡುತ್ತಾರೆ. ಎದುರಿನವರು ಬೇಕಾದಷ್ಟು ಹೇಳುತ್ತಾರೆ, ನಿಜವನ್ನೇ ಹೇಳುತ್ತಾರೆ, ಕೇಳಿದ್ದಕ್ಕೆ ಸಂಬಂಧಪಟ್ಟದ್ದನ್ನೇ ಹೇಳುತ್ತಾರೆ, ಅರ್ಥವಾಗುವಂತೆ ಹೇಳುತ್ತಾರೆ ಎಂಬ ನಂಬಿಕೆಯ ಮೇಲೆ ಎಲ್ಲ ಮಾತುಕತೆಯೂ ನಿಂತಿದೆ. ತತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1967ರ ಉಪನ್ಯಾಸಗಳಲ್ಲಿ ಈ ನಾಲ್ಕು ನಿರೀಕ್ಷೆಗಳನ್ನು ವಿಂಗಡಿಸಿ ಇಟ್ಟರು. ಈ ನಂಬಿಕೆ ಇಲ್ಲದಿದ್ದರೆ ‘ಮನೆಯಲ್ಲಿ ಇದ್ದೀರಾ?’ ಎಂಬ ಪ್ರಶ್ನೆಗೂ ಒಪ್ಪಂದಪತ್ರ ಬೇಕಾಗುತ್ತಿತ್ತು. ಜಾರುವ ಮಾತು ಇದೇ ನಂಬಿಕೆಯನ್ನು ಬಳಸಿಕೊಳ್ಳುತ್ತದೆ. ಪದಗಳು ನಿಜ, ಅವುಗಳಿಂದ ಕೇಳಿದವರು ಕಟ್ಟಿಕೊಂಡ ಚಿತ್ರ ಸುಳ್ಳು.

ಅಮೆರಿಕದ ಸುಪ್ರೀಂ ಕೋರ್ಟ್ 1973ರಲ್ಲಿ ತೀರ್ಮಾನಿಸಿದ ಬ್ರಾನ್‌ಸ್ಟನ್ ಪ್ರಕರಣದಷ್ಟು ಚೊಕ್ಕವಾಗಿ ಇದನ್ನು ತೋರಿಸುವ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ. ಸಿನಿಮಾ ನಿರ್ಮಾಪಕ ಸ್ಯಾಮುಯೆಲ್ ಬ್ರಾನ್‌ಸ್ಟನ್ ಅವರ ಕಂಪನಿ ದಿವಾಳಿಯಾಗಿ ವಿಚಾರಣೆ ನಡೆಯುತ್ತಿತ್ತು. ಸಾಲ ಕೊಟ್ಟವರ ಪರ ವಕೀಲರು ಕೇಳಿದರು: ಸ್ವಿಸ್ ಬ್ಯಾಂಕುಗಳಲ್ಲಿ ನಿಮ್ಮ ಖಾತೆ ಇದೆಯೇ? ‘ಇಲ್ಲ’ ಎಂದರು. ಹಿಂದೆ ಯಾವಾಗಲಾದರೂ ಇತ್ತೇ? ‘ಕಂಪನಿಯ ಖಾತೆ ಜ್ಯೂರಿಚ್‌ನಲ್ಲಿ ಸುಮಾರು ಆರು ತಿಂಗಳು ಇತ್ತು’ ಎಂದರು. ಕಂಪನಿಯ ಖಾತೆ ಇದ್ದದ್ದು ನಿಜ. ಆದರೆ ಅವರ ಸ್ವಂತ ಹೆಸರಿನಲ್ಲೂ ಜಿನೀವಾದಲ್ಲಿ ಖಾತೆ ಇತ್ತು, ಅದೂ ವರ್ಷಗಟ್ಟಲೆ. ಸುಳ್ಳು ಸಾಕ್ಷ್ಯದ ಆರೋಪದಲ್ಲಿ ಕೆಳಗಿನ ಕೋರ್ಟುಗಳು ಶಿಕ್ಷೆ ವಿಧಿಸಿದವು. ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ರದ್ದು ಮಾಡಿತು. ಉತ್ತರ ಅಕ್ಷರಶಃ ನಿಜ, ಪ್ರಶ್ನೆಗೆ ಅದು ಉತ್ತರವೇ ಅಲ್ಲ ಎಂಬುದನ್ನು ಗಮನಿಸಿ ಮತ್ತೆ ಕೇಳಬೇಕಾಗಿದ್ದದ್ದು ವಕೀಲರ ಹೊಣೆ ಎಂದಿತು.

ಕೋರ್ಟಿನ ಈ ಮಾತು ದಿನನಿತ್ಯದ ವ್ಯವಹಾರಕ್ಕೂ ಒಪ್ಪುತ್ತದೆ. ನೈತಿಕವಾಗಿ ತಪ್ಪು ಆಡಿದವರದೇ ಇರಲಿ, ನಷ್ಟ ತಪ್ಪಿಸಿಕೊಳ್ಳಬೇಕಾದವರು ಕೇಳುವವರು. ‘ಅಶ್ವತ್ಥಾಮ ಹತ’ ಎಂಬ ಸುದ್ದಿ ಬಂದಾಗ ದ್ರೋಣ ಖಾತ್ರಿ ಮಾಡಿಕೊಳ್ಳಲು ಹೋದದ್ದು ಸರಿಯಾದ ವ್ಯಕ್ತಿಯ ಬಳಿಗೇ. ಆದರೆ ‘ಯಾವ ಅಶ್ವತ್ಥಾಮ?’ ಎಂದು ಕೇಳಲಿಲ್ಲ. ಆಡುವವರು ಸತ್ಯವಂತರು ಎಂಬುದು ಇಲ್ಲಿ ರಕ್ಷಣೆಯಾಗುವುದಿಲ್ಲ. ಸುಳ್ಳು ಹೇಳಲು ಒಲ್ಲದವರೇ ಈ ದಾರಿ ಹಿಡಿಯುವುದು ಹೆಚ್ಚು.

ಪೆನ್ಸಿಲ್ ಹಿಡಿದು ಓದುವ ಕ್ರಮ

ಕಾಗದ, ಇಮೇಲ್, ಒಪ್ಪಂದ, ಜಾಹೀರಾತು, ಯಾವುದೇ ಇರಲಿ, ಮೊದಲು ಒಂದು ಸಲ ಮಾಮೂಲಿಯಂತೆ ಓದಿ. ಪಠ್ಯವನ್ನು ಮಗುಚಿಟ್ಟು, ಬೇರೆ ಹಾಳೆಯಲ್ಲಿ ‘ಇವರು ನನಗೆ ಏನು ಮಾಡಿಕೊಡುತ್ತೇವೆ ಎಂದಿದ್ದಾರೆ’ ಎಂಬುದನ್ನು ನಿಮ್ಮದೇ ಮಾತಿನಲ್ಲಿ ಒಂದೆರಡು ವಾಕ್ಯ ಬರೆಯಿರಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ನೀವು ಬರೆದ ಒಂದೊಂದು ಪದಕ್ಕೂ ಮೂಲದಲ್ಲಿ ಆಧಾರ ಎಲ್ಲಿದೆ ಎಂದು ಗೆರೆ ಎಳೆಯಿರಿ. ಗೆರೆ ಎಳೆಯಲು ಜಾಗ ಸಿಗದ ಪದಗಳೆಲ್ಲ ನೀವೇ ತುಂಬಿಕೊಂಡವು. ‘ಮುಂದಿನ ತಿಂಗಳು ಪೂರ್ತಿ ಹಣ ವಾಪಸ್ ಕೊಡುತ್ತಾರೆ’ ಎಂದು ಬರೆದಿರುತ್ತೀರಿ. ಮೂಲದಲ್ಲಿ ‘ಮುಂದಿನ ತಿಂಗಳು’ ಇರುತ್ತದೆ, ‘ಮರುಪಾವತಿ ಪ್ರಕ್ರಿಯೆ ಆರಂಭ’ ಇರುತ್ತದೆ. ‘ಪೂರ್ತಿ’ ಇರುವುದಿಲ್ಲ, ‘ಕೊಡುತ್ತಾರೆ’ ಕೂಡ ಇರುವುದಿಲ್ಲ. ಇದಕ್ಕೆ ಹತ್ತು ನಿಮಿಷ ಸಾಕು. ಮೊದಲು ಓದಿ, ನೋಡದೆ ಬರೆಯುವ ಕ್ರಮವನ್ನು ತಪ್ಪಿಸಬೇಡಿ. ಪಠ್ಯ ಎದುರಿಗೇ ಇಟ್ಟುಕೊಂಡು ಬರೆದರೆ ಅದೇ ಪದಗಳು ನಕಲಾಗಿ, ತುಂಬಿಕೊಂಡದ್ದು ಹೊರಗೆ ಬರುವುದೇ ಇಲ್ಲ.

ಎರಡನೆಯ ಸುತ್ತಿನಲ್ಲಿ ಆರು ಪ್ರಶ್ನೆ: ಯಾರು, ಏನು, ಎಷ್ಟು, ಯಾವಾಗ, ಯಾವ ಷರತ್ತಿನ ಮೇಲೆ, ಆಗದಿದ್ದರೆ ಏನು. ಮೊದಲ ನಾಲ್ಕನ್ನು ಎಲ್ಲರೂ ಕೇಳುತ್ತಾರೆ. ಜಾರುವ ಮಾತು ಅಡಗುವುದು ಕೊನೆಯ ಎರಡರಲ್ಲಿ. ‘ಪರಿಸ್ಥಿತಿ ಅನುಕೂಲವಾದರೆ’, ‘ಲಭ್ಯತೆಗೆ ಒಳಪಟ್ಟು’, ‘ನಿಯಮಾನುಸಾರ’ ಎಂಬ ಒಂದು ತುಂಡು ಸೇರಿಕೊಂಡರೆ ಮುಂದಿನ ಅಷ್ಟೂ ಭರವಸೆಯ ಕೀಲಿ ಬರೆದವರ ಕೈಗೆ ಹೋಗುತ್ತದೆ. ನಿಯಮಾನುಸಾರ ಎಂದರೆ ಯಾವ ನಿಯಮ, ಎಷ್ಟನೆಯ ಕಲಂ, ಅದನ್ನು ನೀವು ಓದಲು ಸಿಗುತ್ತದೆಯೇ?

ಮೂರನೆಯದು ತಿರುಗಿಸಿ ನೋಡುವ ಪರೀಕ್ಷೆ. ವಾಕ್ಯದ ಮುಖ್ಯ ವಿಶೇಷಣವನ್ನು ತಿರುಗಿಸಿ ಹೇಳಿ: ‘ಅಸೂಕ್ತ ಕ್ರಮ ಕೈಗೊಳ್ಳಲಾಗುವುದು’, ‘ನಿಮ್ಮ ದೂರನ್ನು ಹಗುರವಾಗಿ ಪರಿಗಣಿಸಲಾಗಿದೆ’, ‘ನಮ್ಮದು ಕಳಪೆ ಗುಣಮಟ್ಟ’. ಹೀಗೆ ಯಾರೂ ಯಾವತ್ತೂ ಬರೆಯುವುದಿಲ್ಲ. ಆದ್ದರಿಂದ ‘ಸೂಕ್ತ’, ‘ಗಂಭೀರವಾಗಿ’, ‘ಉತ್ತಮ’ ಎಂಬವು ಏನನ್ನೂ ತಿಳಿಸುತ್ತಿಲ್ಲ, ಹೊಡೆದುಹಾಕಿ ಓದಿ. ‘48 ಗಂಟೆಯಲ್ಲಿ’ ಎಂಬುದನ್ನು ತಿರುಗಿಸಿದರೆ ‘48 ಗಂಟೆಯ ನಂತರ’ ಎಂದಾಗುತ್ತದೆ, ಅದು ನಡೆಯಬಹುದಾದ ಸಂಗತಿ. ಹಾಗಾಗಿ ಆ ಪದಕ್ಕೆ ತೂಕವಿದೆ.

ನಾಲ್ಕನೆಯದು ಎಲ್ಲಕ್ಕಿಂತ ಹರಿತ. ಏನು ನಡೆದರೆ ಈ ವಾಕ್ಯ ಸುಳ್ಳಾಗುತ್ತದೆ? ಒಂದು ವರ್ಷ ಯಾರೂ ಏನೂ ಮಾಡದೆ ಕೂತರೂ ‘ವಿಷಯ ಪರಿಶೀಲನೆಯಲ್ಲಿದೆ’ ಎಂಬುದು ಸುಳ್ಳಾಗದು. ಸುಳ್ಳಾಗುವ ಸಂದರ್ಭವೇ ಇಲ್ಲದ ವಾಕ್ಯ ಭರವಸೆಯಲ್ಲ. ಅದನ್ನು ನಂಬಿ ಹಣವನ್ನಾಗಲಿ ಸಮಯವನ್ನಾಗಲಿ ಹೂಡಬೇಡಿ.

ಈ ಕ್ರಮದಲ್ಲಿ ಸಾಮಾನ್ಯವಾಗಿ ಕೆಡುವುದು ಒಂದೇ: ಹುಮ್ಮಸ್ಸು ಹೆಚ್ಚಾಗಿ ಎಲ್ಲ ಪದಕ್ಕೂ ಗೆರೆ ಹಾಕುವುದು. ಭಾಷೆಯೇ ಅರ್ಧಂಬರ್ಧ ಮಸುಕು. ‘ಬೆಳಿಗ್ಗೆ ಬರ್ತೀನಿ’ ಎಂದವರಿಗೆ ಎಷ್ಟು ಗಂಟೆ ಎಷ್ಟು ನಿಮಿಷ ಎಂದು ಪಟ್ಟು ಹಿಡಿದರೆ ಸ್ನೇಹ ಉಳಿಯುವುದಿಲ್ಲ. ಹಣ, ಗಡುವು, ಹೊಣೆ, ಆರೋಗ್ಯ. ಇವು ನಾಲ್ಕನ್ನು ಮುಟ್ಟುವ ವಾಕ್ಯಗಳಿಗಷ್ಟೇ ಪೆನ್ಸಿಲ್ ಸಾಕು.

ಕನ್ನಡ ವಾಕ್ಯ ಜಾರುವ ಜಾಗಗಳು

ಬೇರೆ ಭಾಷೆಗಳವರು ಪಟ್ಟಿ ಮಾಡಿದ ತಂತ್ರಗಳನ್ನು ಓದಿಕೊಂಡು ಬಂದರೆ ಕನ್ನಡದ ಕಾಗದದಲ್ಲಿ ಅರ್ಧ ತಪ್ಪಿಹೋಗುತ್ತವೆ. ನಮ್ಮ ವ್ಯಾಕರಣಕ್ಕೆ ಅದರದೇ ಬಾಗಿಲುಗಳಿವೆ.

ಎಲ್ಲರಿಗೂ ಗೊತ್ತಿರುವುದು ‘-ಲಾಗಿದೆ’, ‘-ಲಾಗುವುದು’. ಕೆಲಸ ಕಾಣುತ್ತದೆ, ಮಾಡುವವರು ಕಾಣುವುದಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ 1987ರ ಜನವರಿಯ ಭಾಷಣದಲ್ಲಿ, ಇರಾನಿಗೆ ಗುಟ್ಟಾಗಿ ಶಸ್ತ್ರಾಸ್ತ್ರ ಮಾರಿದ ವ್ಯವಹಾರದ ಬಗ್ಗೆ ಗಂಭೀರ ತಪ್ಪುಗಳು ಘಟಿಸಿದವು ಎಂಬರ್ಥದಲ್ಲಿ ಹೇಳಿದ್ದು ಇದೇ ಜಾತಿ. ತಪ್ಪು ಒಪ್ಪಿಕೊಂಡಂತೆಯೂ ಆಯಿತು, ಮಾಡಿದವರು ಇಲ್ಲದಂತೆಯೂ ಆಯಿತು. ಕನ್ನಡದಲ್ಲಿ ಇದಕ್ಕೆ ಕರ್ಮಣಿ ಪ್ರಯೋಗವೂ ಬೇಕಿಲ್ಲ. ‘ತಪ್ಪಾಗಿದೆ’, ‘ತಡ ಆಯ್ತು’, ‘ಒಡೆದುಹೋಯ್ತು’ ಎಂದರೆ ಕೆಲಸ ತಾನಾಗಿಯೇ ಆದಂತೆ. ಪರಿಹಾರ: ಕರ್ತೃಪದವನ್ನು ನೀವೇ ಸೇರಿಸಿ ತಿರುಗಿ ಕೇಳುವುದು. ‘ಅಂದರೆ ಲೆಕ್ಕ ವಿಭಾಗದವರು 10ನೇ ತಾರೀಖಿನ ಒಳಗೆ ಕಳಿಸುತ್ತಾರೆ, ಅಲ್ಲವೇ?’ ತಪ್ಪಿದ್ದರೆ ತಿದ್ದುತ್ತಾರೆ, ಸರಿಯಿದ್ದರೆ ಒಪ್ಪುತ್ತಾರೆ. ಎರಡರಲ್ಲೂ ನಿಮಗೆ ಒಬ್ಬ ಕರ್ತೃ ಸಿಕ್ಕಿರುತ್ತಾನೆ.

‘ನೋಡೋಣ’, ‘ಮಾಡೋಣ’, ‘ಏನಾದರೂ ವ್ಯವಸ್ಥೆ ಮಾಡೋಣ’. ಈ ‘-ಓಣ’ ಹೇಳುವವರನ್ನೂ ಕೇಳುವವರನ್ನೂ ಒಂದೇ ಚೀಲಕ್ಕೆ ಹಾಕುತ್ತದೆ. ನಾಳೆ ಕೆಲಸ ಆಗದಿದ್ದರೆ ಇಬ್ಬರೂ ಮಾಡಲಿಲ್ಲ ಎಂದಾಯಿತು. ‘ನಾವು’ ಕೂಡ ಹಾಗೆಯೇ: ನಿಮ್ಮನ್ನು ಸೇರಿಸಿ ನಾವೋ, ಬಿಟ್ಟು ನಾವೋ ಎಂಬುದು ಪದದಿಂದ ತಿಳಿಯದು. ‘ನೋಡೋಣ’ ಎಂಬುದು ಬಹುಪಾಲು ಸಲ ‘ಇಲ್ಲ’ ಎಂಬುದರ ಮರ್ಯಾದೆಯ ರೂಪ. ಹಾಗೆಂದು ಮುಖಕ್ಕೆ ಹೇಳಿಸಬೇಕಿಲ್ಲ. ‘ಸರಿ, ಹಾಗಾದರೆ ನಾನು ಬೇರೆ ಕಡೆ ಪ್ರಯತ್ನ ಮಾಡಲಾ, ನಿಮಗೋಸ್ಕರ ಕಾಯಲಾ?’ ಎಂದು ಕೇಳಿ. ಆಗ ನಿಜವಾದ ಉತ್ತರ ಬರುತ್ತದೆ.

‘ದೋಷವಿದ್ದರೆ ಹಣ ವಾಪಸ್ ಕೊಡುತ್ತೇವೆ.’ ಕನ್ನಡದಲ್ಲಿ ರೂಢಿಯನ್ನೂ ಭವಿಷ್ಯವನ್ನೂ ಒಂದೇ ಕ್ರಿಯಾರೂಪ ಹೊರುತ್ತದೆ. ಇದು ನಿಮಗೆ ಕೊಟ್ಟ ಮಾತೋ, ಸಾಮಾನ್ಯವಾಗಿ ಹಾಗೆ ಮಾಡುತ್ತೇವೆ ಎಂಬ ವರ್ಣನೆಯೋ? ಮುಂದೆ ತಕರಾರು ಬಂದಾಗ ‘ಸಾಮಾನ್ಯವಾಗಿ ಕೊಡ್ತೀವಿ, ನಿಮ್ಮ ಕೇಸ್ ಬೇರೆ’ ಎನ್ನಲು ಜಾಗವಿದೆ. ‘ನನಗೆ’, ‘ಈ ಖರೀದಿಗೆ’, ‘ಇಂಥ ತಾರೀಖಿನೊಳಗೆ’ ಎಂದು ಸೇರಿಸಿದರೆ ರೂಢಿಯ ಅರ್ಥ ಉಳಿಯುವುದಿಲ್ಲ.

‘-ಬಹುದು’ ಇನ್ನೂ ಅಪಾಯಕಾರಿ. ‘ಗ್ರಾಹಕರು ಪೂರ್ಣ ಮೊತ್ತವನ್ನು ಪಡೆಯಬಹುದು’ ಎಂಬಲ್ಲಿ ಹಕ್ಕೂ ಇದೆ, ಬರಿಯ ಸಂಭವವೂ ಇದೆ. ಜಾಹೀರಾತು ಓದಿದವರು ಹಕ್ಕು ಎಂದುಕೊಳ್ಳುತ್ತಾರೆ, ಕೊಡಬೇಕಾದವರು ಸಂಭವ ಎನ್ನುತ್ತಾರೆ. ಒಪ್ಪಂದದಲ್ಲಿ ‘ಪಡೆಯಬಹುದು’ ಕಂಡರೆ ‘ಗ್ರಾಹಕರು ಕೇಳಿದಾಗ ಕಂಪನಿ ಕೊಡತಕ್ಕದ್ದು’ ಎಂದು ತಿದ್ದಿಸಿ. ತಿದ್ದಲು ಒಪ್ಪದಿದ್ದರೆ ಅರ್ಥ ಯಾವುದೆಂದು ಗೊತ್ತಾಯಿತಲ್ಲ.

ನಿಷೇಧದ ವ್ಯಾಪ್ತಿ ನೋಡಿ: ‘ಈ ಸೌಲಭ್ಯ ಎಲ್ಲರಿಗೂ ಸಿಗುವುದಿಲ್ಲ.’ ಯಾರಿಗೂ ಸಿಗುವುದಿಲ್ಲವೋ, ಕೆಲವರಿಗಷ್ಟೇ ಸಿಗುವುದೋ? ಬಾಯಲ್ಲಿ ಹೇಳುವಾಗ ಸ್ವರದ ಏರಿಳಿತ ಸಹಾಯಕ್ಕೆ ಬರುತ್ತದೆ, ಕಾಗದದಲ್ಲಿ ಬರುವುದಿಲ್ಲ. ವಿಶೇಷಣದ ವ್ಯಾಪ್ತಿಯೂ ಹೀಗೇ. ‘60 ವರ್ಷ ಮೇಲ್ಪಟ್ಟ ಪುರುಷರು ಮತ್ತು ಮಹಿಳೆಯರು ಅರ್ಜಿ ಸಲ್ಲಿಸಬಹುದು’ ಎಂದರೆ 45 ವರ್ಷದ ಮಹಿಳೆ ಅರ್ಹಳೇ? ಈ ಎರಡು ಹೆಚ್ಚಾಗಿ ಮೋಸದಿಂದಲ್ಲ, ಅವಸರದಿಂದ ಹುಟ್ಟುತ್ತವೆ. ಆದರೆ ತಕರಾರಿನ ದಿನ ತಮಗೆ ಬೇಕಾದ ಅರ್ಥವನ್ನು ಎಳೆದುಕೊಳ್ಳಲು ಎರಡೂ ಕಡೆಯವರಿಗೆ ಅವಕಾಶವಂತೂ ಇದ್ದೇ ಇರುತ್ತದೆ.

ಬಾಯಿಮಾತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವುದು ‘ಆಯ್ತು’. ‘ಆ ಕೆಲಸದ್ದು...’ ಎಂದು ಶುರು ಮಾಡಿದ ಕೂಡಲೇ ಆ ಕಡೆಯಿಂದ ‘ಆಯ್ತು, ಆಯ್ತು’. ಮುಗಿಯಿತೇ, ಅಥವಾ ‘ಸರಿ, ಕೇಳಿಸಿಕೊಂಡೆ’ ಎಂದೇ? ‘ಮುಗಿದಿದೆಯಾ, ಇನ್ನು ಮಾಡಬೇಕಾ?’ ಎಂದು ಎರಡನ್ನೂ ಬಾಯಿಬಿಟ್ಟು ಕೇಳದೆ ಫೋನ್ ಇಡಬೇಡಿ.

ಕಾಲ ಹೇಳುವ ಪದಗಳಿಗೆ ಒಂದೇ ಔಷಧ, ತಾರೀಖು ಮತ್ತು ಗಂಟೆ. ‘ಮೂರು ದಿನದೊಳಗೆ’ ಎಂದರೆ ಇಂದಿನಿಂದಲೋ ನಾಳೆಯಿಂದಲೋ, ರಜಾದಿನ ಸೇರಿಯೋ ಬಿಟ್ಟೋ? ‘15ನೇ ತಾರೀಖಿನವರೆಗೆ’ ಎಂದರೆ 15 ಸೇರಿತೇ? ‘ಎರಡು ದಿನ ಬಿಟ್ಟು ಬನ್ನಿ’ ಎಂದು ಸೋಮವಾರ ಹೇಳಿದರೆ ಕೆಲವರು ಬುಧವಾರ ಹೋಗುತ್ತಾರೆ, ಕೆಲವರು ಗುರುವಾರ. ‘ಮುಂದಿನ ಶುಕ್ರವಾರ’ದ ಬಗ್ಗೆ ಹೇಳುವುದೇ ಬೇಡ.

ಕ್ರಿಯಾಪದದ ಕಾಲವನ್ನೂ ಬಿಡಬೇಡಿ. ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 1998ರ ಜನವರಿಯಲ್ಲಿ ಟಿವಿ ಸಂದರ್ಶನವೊಂದರಲ್ಲಿ, ಶ್ವೇತಭವನದಲ್ಲಿ ಇಂಟರ್ನ್ ಆಗಿದ್ದ ಮೋನಿಕಾ ಲೆವಿನ್‌ಸ್ಕಿ ಜೊತೆ ಅನುಚಿತ ಸಂಬಂಧ ‘ಇಲ್ಲ’ ಎಂದು ವರ್ತಮಾನದಲ್ಲಿ ಉತ್ತರಿಸಿದರು. ಸಂಬಂಧ ಅದಕ್ಕೆ ಮುಂಚೆಯೇ ಮುಗಿದಿತ್ತು. ಆಗಸ್ಟಿನಲ್ಲಿ ಗ್ರ್ಯಾಂಡ್ ಜ್ಯೂರಿಯ ಮುಂದೆ ಅವರು ‘ಇದೆ’ ಎಂಬ ಪದದ ಅರ್ಥವೇನು ಎಂಬುದರ ಮೇಲೆ ವಾದ ನಿಲ್ಲಿಸಿದ್ದು ಆಮೇಲೆ ನಗೆಪಾಟಲಾಯಿತು. ‘ನಮ್ಮ ಮೇಲೆ ಯಾವ ಕೇಸೂ ಇಲ್ಲ’ ಎಂದವರಿಗೆ ‘ಹಿಂದೆ ಇತ್ತೇ?’ ಎಂಬ ಎರಡನೆಯ ಪ್ರಶ್ನೆ ಕಡ್ಡಾಯ.

ಉಳಿದದ್ದು ‘ಅಂತೆ’ ಮತ್ತು ಅದರ ಸೂಟು ತೊಟ್ಟ ಅಣ್ಣಂದಿರು: ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಬಲ್ಲ ಮೂಲಗಳ ಪ್ರಕಾರ’. ‘ಅಂತೆ’ ಪ್ರಾಮಾಣಿಕ ಪ್ರತ್ಯಯ, ನಾನು ನೋಡಿಲ್ಲ ಎಂದು ಒಪ್ಪಿಕೊಳ್ಳುತ್ತದೆ. ‘ತಿಳಿದುಬಂದಿದೆ’ ಅದೇ ಅಜ್ಞಾನಕ್ಕೆ ಖಚಿತತೆಯ ಬಣ್ಣ ಬಳಿಯುತ್ತದೆ. ಯಾರಿಗೆ, ಯಾರಿಂದ ತಿಳಿಯಿತು ಎಂದು ಬರೆದಿಲ್ಲವಾದರೆ ಮನಸ್ಸಿನಲ್ಲಿ ಅದನ್ನು ‘ಅಂತೆ’ಗೆ ಇಳಿಸಿಕೊಂಡು ಓದಿ.

‘ಸಾಧ್ಯತೆ ಇದೆ’ ಎಂದರೆ ನೂರಕ್ಕೆ ಎಷ್ಟು?

1951ರಲ್ಲಿ ಅಮೆರಿಕದ ಗುಪ್ತಚರ ವರದಿಯೊಂದು ಆ ವರ್ಷ ಯುಗೊಸ್ಲಾವಿಯಾದ ಮೇಲೆ ದಾಳಿ ನಡೆಯುವ ‘ಗಂಭೀರ ಸಾಧ್ಯತೆ’ ಇದೆ ಎಂದಿತ್ತು. ವರದಿ ತಯಾರಿಸಿದವರಲ್ಲಿ ಒಬ್ಬರಾದ ಶರ್ಮನ್ ಕೆಂಟ್ ಮನಸ್ಸಿನಲ್ಲಿ ಇದ್ದದ್ದು ಸುಮಾರು 65ಕ್ಕೆ 35, ಅಂದರೆ ನೂರರಲ್ಲಿ ದಾಳಿ ಆಗುವ ಸಂಭವ 65, ಆಗದಿರುವ ಸಂಭವ 35. ಆಮೇಲೆ ತಮ್ಮ ಸಹೋದ್ಯೋಗಿಗಳನ್ನು ಕೇಳಿದರೆ ಒಬ್ಬರ ಲೆಕ್ಕ 80ಕ್ಕೆ 20, ಇನ್ನೊಬ್ಬರದು 20ಕ್ಕೆ 80. ಎಲ್ಲರೂ ಒಂದೇ ವಾಕ್ಯಕ್ಕೆ ಒಪ್ಪಿಗೆ ಕೊಟ್ಟವರು! ಇಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಮಸುಕು ಪದ ಭಿನ್ನಾಭಿಪ್ರಾಯವನ್ನು ಮುಚ್ಚಿಟ್ಟಿತ್ತು, ಅಷ್ಟೇ. ಕೆಂಟ್ 1964ರಲ್ಲಿ ಪದಗಳಿಗೆ ಅಂಕಿ ಕಟ್ಟಿದರು: ‘ಬಹುತೇಕ ಖಚಿತ’ ಎಂದರೆ ಸುಮಾರು 93 ಪ್ರತಿಶತ, ‘ಸಂಭವನೀಯ’ ಎಂದರೆ ಸುಮಾರು 75, ‘ಆಗಲಿಕ್ಕಿಲ್ಲ’ ಎಂದರೆ ಸುಮಾರು 30. ಹವಾಮಾನ ಬದಲಾವಣೆಯ ಕುರಿತ ಅಂತರಸರ್ಕಾರಿ ಸಮಿತಿ ಐಪಿಸಿಸಿ ಇಂದು ಅನುಸರಿಸುವುದೂ ಇಂಥದೇ ಪದ್ಧತಿ. ಅದರ ವರದಿಗಳಲ್ಲಿ ‘ಸಂಭವನೀಯ’ ಎಂದರೆ 66 ಪ್ರತಿಶತ ಮತ್ತು ಮೇಲೆ, ‘ಬಹಳ ಸಂಭವನೀಯ’ ಎಂದರೆ 90 ಮತ್ತು ಮೇಲೆ.

ಬಳಸುವ ಕ್ರಮ ಸರಳ. ‘ಹೆಚ್ಚಾಗಿ ಆಗುತ್ತೆ’ ಎಂದವರನ್ನು ‘ಹತ್ತರಲ್ಲಿ ಎಷ್ಟು ಸಲ?’ ಎಂದು ಕೇಳಿ. ವೈದ್ಯರಿಗೆ, ಕಂಟ್ರಾಕ್ಟರಿಗೆ, ಕೆಲಸ ಕೊಡಿಸುತ್ತೇನೆ ಎಂದವರಿಗೆ, ಎಲ್ಲರಿಗೂ ಕೇಳಬಹುದಾದ ಪ್ರಶ್ನೆ ಇದು. ‘ಅಂಕಿ ಹೇಳಕ್ಕಾಗಲ್ಲ’ ಎಂದರೆ ‘ಐದಕ್ಕಿಂತ ಮೇಲೋ ಕೆಳಗೋ?’ ಎನ್ನಿ. ನಿಜವಾಗಿ ತಿಳಿದವರು ತಡವರಿಸಿದರೂ ಒಂದು ಅಂದಾಜು ಕೊಡುತ್ತಾರೆ. ಆ ಅಂಕಿಯನ್ನು ಆಮೇಲೆ ಕೊಟ್ಟ ಮಾತಿನಂತೆ ಹಿಡಿದು ಜಗಳವಾಡಬಾರದು. ಹಾಗೆ ಮಾಡಿದರೆ ಮುಂದಿನ ಸಲ ಅವರೂ ‘ನೋಡೋಣ’ ಎನ್ನುವುದನ್ನು ಕಲಿಯುತ್ತಾರೆ.

ಜಾಹೀರಾತಿನ ಅಳತೆ

ಇಲ್ಲಿ ಮೂರು ಪದ ಸಾಕು. ‘ವರೆಗೆ’ ಎಂಬುದು ಮೇಲಿನ ಮಿತಿಯನ್ನು ಹೇಳುತ್ತದೆ, ಕೆಳಗಿನದನ್ನು ಹೇಳುವುದಿಲ್ಲ. ‘50 ಪ್ರತಿಶತದವರೆಗೆ ರಿಯಾಯಿತಿ’ ಎಂಬುದು ಒಂದೇ ವಸ್ತುವಿಗೆ 50, ಮಿಕ್ಕದ್ದಕ್ಕೆಲ್ಲ 5 ಇದ್ದರೂ ನಿಜ. ಬ್ರಿಟನ್ನಿನಲ್ಲಿ ಬ್ರಾಡ್‌ಬ್ಯಾಂಡ್ ಕಂಪನಿಗಳು ಗ್ರಾಹಕರಲ್ಲಿ 10 ಪ್ರತಿಶತ ಮಂದಿಗೆ ಸಿಕ್ಕರೂ ಸಾಕು, ಆ ವೇಗವನ್ನು ‘ವರೆಗೆ’ ಎಂದು ಸಾರುತ್ತಿದ್ದವು. 2018ರ ಮೇ ತಿಂಗಳಿಂದ ನಿಯಮ ಬದಲಾಗಿ, ಬಳಕೆ ಹೆಚ್ಚಿರುವ ಹೊತ್ತಿನಲ್ಲಿ ಕನಿಷ್ಠ 50 ಪ್ರತಿಶತ ಗ್ರಾಹಕರಿಗೆ ಸಿಗುವ ವೇಗವನ್ನೇ ಹೇಳಬೇಕಾಯಿತು. ನೀವು ಕೇಳಬೇಕಾದ್ದೂ ಅದನ್ನೇ: ಕನಿಷ್ಠ ಎಷ್ಟು, ಅರ್ಧದಷ್ಟು ಜನಕ್ಕೆ ಎಷ್ಟು?

‘ಸಹಕಾರಿ’, ‘ಬೆಂಬಲಿಸುತ್ತದೆ’, ‘ನೆರವಾಗುತ್ತದೆ’. ಗುಣ ಮಾಡುತ್ತದೆ ಎಂದರೆ ಸಾಕ್ಷ್ಯ ಕೊಡಬೇಕಾಗುತ್ತದೆ, ‘ರೋಗನಿರೋಧಕ ಶಕ್ತಿಯನ್ನು ಬೆಂಬಲಿಸುತ್ತದೆ’ ಎಂದರೆ ಎಷ್ಟೋ ಕಡೆ ಅಷ್ಟು ಬೇಕಾಗದು. ಮೂರನೆಯದು ಹೋಲಿಕೆಯ ಅರ್ಧ ಮಾತ್ರ ಹೇಳುವುದು: ‘ಹೆಚ್ಚು ಬಾಳಿಕೆ’, ‘30 ಪ್ರತಿಶತ ಕಡಿಮೆ’. ಯಾವುದಕ್ಕಿಂತ? ಸಮೀಕ್ಷೆಯ ಅಂಕಿ ಕಂಡಾಗ ಅಲ್ಲಿ ಕೇಳಿದ ಪ್ರಶ್ನೆಯನ್ನು ಹುಡುಕಿ. ದಂತವೈದ್ಯರಲ್ಲಿ 80 ಪ್ರತಿಶತಕ್ಕೂ ಹೆಚ್ಚು ಮಂದಿ ಶಿಫಾರಸು ಮಾಡುತ್ತಾರೆ ಎಂಬ ಟೂತ್‌ಪೇಸ್ಟ್ ಜಾಹೀರಾತನ್ನು ಬ್ರಿಟನ್ನಿನ ಜಾಹೀರಾತು ನಿಯಂತ್ರಕರು 2007ರಲ್ಲಿ ತಡೆದರು. ವೈದ್ಯರು ಒಂದಕ್ಕಿಂತ ಹೆಚ್ಚು ಬ್ರ್ಯಾಂಡ್ ಹೆಸರಿಸಲು ಸಮೀಕ್ಷೆಯಲ್ಲಿ ಅವಕಾಶವಿತ್ತು, ಓದಿದವರು ಮಾತ್ರ ಉಳಿದೆಲ್ಲವನ್ನೂ ಬಿಟ್ಟು ಇದನ್ನೇ ಹೇಳಿದರು ಎಂದುಕೊಳ್ಳುತ್ತಿದ್ದರು.

ಕೇಳುವ ಕಲೆ

ಒಂದು ಸಲಕ್ಕೆ ಒಂದೇ ಪ್ರಶ್ನೆ. ‘ಯಾವಾಗ ಮುಗಿಯುತ್ತೆ, ಯಾಕೆ ಇಷ್ಟು ತಡ?’ ಎಂದು ಎರಡು ಒಟ್ಟಿಗೆ ಕೇಳಿದರೆ ತಡದ ಕಾರಣವನ್ನು ಹತ್ತು ನಿಮಿಷ ವಿವರಿಸಿ, ತಾರೀಖನ್ನು ಬಿಟ್ಟುಬಿಡುತ್ತಾರೆ. ಪ್ರಶ್ನೆ ಕೇಳಿ ಸುಮ್ಮನಿರಿ. ನಡುವಿನ ಮೌನ ಅಸಹನೀಯವೆನಿಸಿ ಕೇಳಿದವರೇ ‘ಅಂದರೆ ಈ ತಿಂಗಳಲ್ಲಿ ಆಗಬಹುದು ಅಲ್ವಾ?’ ಎಂದು ಉತ್ತರವನ್ನು ತಾವೇ ಒದಗಿಸುವುದು ಎಲ್ಲೆಲ್ಲೂ ಕಾಣುವ ತಪ್ಪು. ಎದುರಿನವರು ‘ಹ್ಞೂಂ’ ಎಂದರೆ ಮುಗಿಯಿತು, ಮಾತು ನಿಮ್ಮದೇ ಆಯಿತು.

‘ತೊಂದರೆ ಏನೂ ಇಲ್ಲ ತಾನೆ?’ ಎಂದು ಕೇಳಬೇಡಿ. ‘ಇದಕ್ಕೆ ಇದುವರೆಗೆ ಏನೇನು ರಿಪೇರಿ ಆಗಿದೆ?’ ಎಂದು ಕೇಳಿ. ಮೊದಲನೆಯದು ‘ಇಲ್ಲ’ ಎಂಬ ಉತ್ತರವನ್ನು ತಾನೇ ಎತ್ತಿಕೊಡುತ್ತದೆ. ಎರಡನೆಯದಕ್ಕೆ ಜಾರಬೇಕಾದರೆ ನೇರ ಸುಳ್ಳನ್ನೇ ಹೇಳಬೇಕು, ಅಷ್ಟಕ್ಕೆ ಹೆಚ್ಚಿನವರು ಇಳಿಯುವುದಿಲ್ಲ.

ಹಣದ ವಿಷಯವಾದರೆ ಪ್ರಶ್ನೆಯ ನಾಲ್ಕೂ ಕಡೆ ಬೇಲಿ ಹಾಕಿ. ಬ್ರಾನ್‌ಸ್ಟನ್ ಅವರಿಗೆ ಕೇಳಬೇಕಾಗಿದ್ದ ಪ್ರಶ್ನೆ ಹೀಗಿರಬೇಕಿತ್ತು: ‘ನಿಮ್ಮ ಹೆಸರಿನಲ್ಲಾಗಲಿ, ಬೇರೆಯವರ ಹೆಸರಿನಲ್ಲಿ ನಿಮಗಾಗಿ ಆಗಲಿ, ಯಾವುದೇ ಸ್ವಿಸ್ ಬ್ಯಾಂಕಿನಲ್ಲಿ, ಈಗ ಅಥವಾ ಹಿಂದೆ ಯಾವಾಗಲಾದರೂ ಖಾತೆ ಇತ್ತೇ?’ ಉತ್ತರ ಬಂದ ಮೇಲೆ ಅದನ್ನು ಪ್ರಶ್ನೆಯ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಬಗ್ಗೆ ಕೇಳಿದರೆ ಕಂಪನಿಯ ಬಗ್ಗೆ ಉತ್ತರ, ತಾರೀಖು ಕೇಳಿದರೆ ಶ್ರಮದ ವರ್ಣನೆ, ಹೌದೋ ಅಲ್ಲವೋ ಎಂದರೆ ‘ಅಂಥ ಆರೋಪಗಳಿಗೆ ಆಧಾರವಿಲ್ಲ’. ಆಧಾರವಿಲ್ಲ ಎಂಬುದು ನಡೆದಿಲ್ಲ ಎಂಬುದಕ್ಕೆ ಸಮವಲ್ಲ. ಆಗ ಅದೇ ಪ್ರಶ್ನೆಯನ್ನು ಅದೇ ಪದಗಳಲ್ಲಿ, ಸ್ವರ ಏರಿಸದೆ, ಇನ್ನೊಮ್ಮೆ ಕೇಳಿ. ಪದ ಬದಲಿಸಿದರೆ ಹೊಸ ಪ್ರಶ್ನೆಯೆಂದು ಹೊಸ ದಾರಿ ಹುಡುಕುತ್ತಾರೆ.

ಹಿರಿಯರ ಬಳಿಯೋ ಮೇಲಧಿಕಾರಿಯ ಬಳಿಯೋ ಇಷ್ಟು ನೇರ ಕೇಳಲಾಗದಿದ್ದರೆ, ಮರೆವನ್ನು ನಿಮ್ಮ ಮೇಲೆ ಹಾಕಿಕೊಳ್ಳಿ: ‘ನಾನು ಬರೆದುಕೊಳ್ಳೋದಕ್ಕೆ ಕೇಳ್ತಿದ್ದೀನಿ, ಯಾವ ತಾರೀಖು ಅಂತ ಹಾಕಿಕೊಳ್ಳಲಿ?’ ಮರ್ಯಾದೆಗೆ ಕುಂದಿಲ್ಲ, ಕೆಲಸವೂ ಆಗುತ್ತದೆ.

ಮಾತು ಮುಗಿದ ದಿನವೇ ಒಂದು ಸಂದೇಶ ಕಳಿಸಿ. ನಾಲ್ಕು ಸಾಲು ಮೀರಬಾರದು: ‘ಇಂದು ಮಾತಾಡಿದಂತೆ, ಮುಂಗಡ ಹಣ ಪೂರ್ತಿಯಾಗಿ ಜೂನ್ 10ರ ಸಂಜೆ 5ರೊಳಗೆ ನನ್ನ ಖಾತೆಗೆ ನೀವೇ ಕಳಿಸುತ್ತೀರಿ. ತಡವಾದರೆ ಜೂನ್ 11ರಂದು ಫೋನ್ ಮಾಡಿ ಕಾರಣ ತಿಳಿಸುತ್ತೀರಿ. ನಾನು ಅರ್ಥ ಮಾಡಿಕೊಂಡದ್ದರಲ್ಲಿ ತಪ್ಪಿದ್ದರೆ ನಾಳೆಯೊಳಗೆ ತಿಳಿಸಿ.’ ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಎಂದು ಲೆಕ್ಕ ಹಾಕಬೇಡಿ, ಕಾನೂನಿನಲ್ಲಿ ಮೌನ ಸಾಮಾನ್ಯವಾಗಿ ಒಪ್ಪಿಗೆಯಾಗದು. ಆದರೆ ಯಾವ ದಿನ ಯಾರಿಗೆ ಏನು ಅರ್ಥವಾಗಿತ್ತು ಎಂಬ ದಾಖಲೆ ಉಳಿಯುತ್ತದೆ. ಈ ಸಂದೇಶದಲ್ಲಿ ಅವರು ಹೇಳದ್ದನ್ನು ಜಾಣತನದಿಂದ ಸೇರಿಸಲು ಹೋಗಬೇಡಿ. ಒಂದು ಪದ ಹೆಚ್ಚಾಗಿ ಕಂಡರೂ ಇಡೀ ದಾಖಲೆಯ ಮೇಲೆ ಅನುಮಾನ ಬರುತ್ತದೆ.

ಕ್ಷಮೆಯ ಬಗ್ಗೆ ಎರಡೇ ಮಾತು. ‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬುದರಲ್ಲಿ ‘ಯಾರಿಗಾದರೂ’, ‘ಆಗಿದ್ದರೆ’, ‘ವಿಷಾದ’ ಮೂರೂ ತಪ್ಪಿಸಿಕೊಳ್ಳುವ ಕಿಂಡಿಗಳು. ನಾನು ಇಂಥದ್ದನ್ನು ಮಾಡಿದೆ, ಅದು ತಪ್ಪು, ಇಂತಿಷ್ಟು ಸರಿಪಡಿಸುತ್ತೇನೆ: ಈ ಮೂರೂ ಇದ್ದರೆ ಅದನ್ನು ಕ್ಷಮೆ ಎನ್ನಬಹುದು.

ಎಲ್ಲ ಮಸುಕೂ ಮೋಸವಲ್ಲ

ಗೊತ್ತಿಲ್ಲದವರೂ ಮಸುಕಾಗಿಯೇ ಮಾತಾಡುತ್ತಾರೆ, ಅವರನ್ನು ಜಾರುವವರ ಸಾಲಿಗೆ ಸೇರಿಸುವುದು ಅನ್ಯಾಯ. ವ್ಯತ್ಯಾಸ ಗುರುತಿಸಲು ಗುರುತಿದೆ. ಪ್ರಾಮಾಣಿಕ ಅನಿಶ್ಚಿತತೆಗೆ ಅಂಚುಗಳಿರುತ್ತವೆ: ‘ವರದಿ ಬರುವವರೆಗೆ ಹೇಳಲಾಗದು, ವರದಿ ಗುರುವಾರ ಬರುತ್ತದೆ, ಬಂದ ದಿನ ಹೇಳುತ್ತೇನೆ.’ ಏನು ಗೊತ್ತಿಲ್ಲ, ಯಾಕೆ ಗೊತ್ತಿಲ್ಲ, ಯಾವಾಗ ಗೊತ್ತಾಗುತ್ತದೆ ಎಂಬುದು ಸ್ಪಷ್ಟ. ಜಾರುವ ಮಾತಿಗೆ ಈ ಮೂರೂ ಇರುವುದಿಲ್ಲ. ಮತ್ತೆ ಮತ್ತೆ ಕೇಳಿದಾಗ ಪ್ರಾಮಾಣಿಕರ ಉತ್ತರ ಸಣ್ಣದಾಗುತ್ತದೆ, ಜಾರುವವರದು ಉದ್ದವಾಗುತ್ತದೆ. ಇದು ತಪ್ಪದ ನಿಯಮವಲ್ಲ. ಹೆದರಿದವರೂ ಉದ್ದ ಮಾತಾಡುತ್ತಾರೆ.

ಅಡುಗೆ ರುಚಿಯಾಗಿತ್ತೇ ಎಂದು ಕೇಳಿದವರಿಗೆ ‘ಹೊಟ್ಟೆ ತುಂಬ ಊಟ ಮಾಡಿದೆ’ ಎನ್ನುವುದು ಬೇರೆ ವಿಷಯ. ಅದಕ್ಕೆ ಪೆನ್ಸಿಲ್ ತೆಗೆಯಬೇಡಿ.

ನೀವೇ ಬರೆಯುವಾಗ

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ನಿಜವನ್ನೇ ಹೇಳಿ ದಾರಿ ತಪ್ಪಿಸುವುದರ ಕುರಿತು 2017ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಕಂಡ ಸಂಗತಿ ಇಲ್ಲಿ ನೆನಪಿಡುವಂಥದ್ದು. ಹಾಗೆ ಮಾಡಿದವರು ಅದನ್ನು ಸುಳ್ಳಿಗಿಂತ ಹಗುರವೆಂದು ಭಾವಿಸಿದ್ದರು. ಮೋಸ ಹೋದವರ ಕಣ್ಣಿಗೆ ಅದು ಹೆಚ್ಚೂಕಡಿಮೆ ಸುಳ್ಳಿನಷ್ಟೇ ಕೆಟ್ಟದ್ದಾಗಿತ್ತು.

ಮಾತು ಕೊಡಲು ಇಷ್ಟವಿಲ್ಲವೆಂದರೆ ‘ತಾರೀಖು ಈಗ ಹೇಳುವುದಿಲ್ಲ, 20ರಂದು ಹೇಳುತ್ತೇನೆ’ ಎಂದು ಬರೆಯಿರಿ. ಹೇಳಬಾರದ ವಿಷಯವಾದರೆ ‘ಇದರ ಬಗ್ಗೆ ಉತ್ತರಿಸುವುದಿಲ್ಲ’ ಎನ್ನಿ. ಇವೆರಡೂ ಒರಟೆನಿಸಿದರೂ ಓದಿದವರು ತಪ್ಪು ಚಿತ್ರ ಕಟ್ಟಿಕೊಳ್ಳುವುದಿಲ್ಲ. ಕಟ್ಟಳೆಯ ತೂಕವನ್ನು ಮೊದಲೇ ನಿಗದಿ ಮಾಡಿಕೊಳ್ಳುವುದು ಇನ್ನೊಂದು ಉಪಾಯ. ಇಂಟರ್ನೆಟ್ ತಾಂತ್ರಿಕ ಮಾನದಂಡಗಳನ್ನು ಬರೆಯುವವರು 1997ರಲ್ಲೇ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆಯಲ್ಲಿ ಕಡ್ಡಾಯ, ಕಾರಣವಿದ್ದರೆ ಬಿಡಬಹುದಾದದ್ದು, ಪೂರ್ತಿ ಐಚ್ಛಿಕ ಎಂಬ ಮೂರು ಮಟ್ಟಕ್ಕೆ ಬೇರೆ ಬೇರೆ ಪದ ಗೊತ್ತುಮಾಡಿದರು. ಒಪ್ಪಂದದ ಆರಂಭದಲ್ಲೇ ‘ತಕ್ಕದ್ದು ಎಂದರೆ ಕಡ್ಡಾಯ, ಬಹುದು ಎಂದರೆ ಇಚ್ಛೆ, ದಿನ ಎಂದರೆ ರಜೆ ಸೇರಿದ ದಿನ’ ಎಂದು ನಾಲ್ಕು ಸಾಲು ಹಾಕಿದರೆ ಮುಂದಿನ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ಹೆಸರುಗಳನ್ನೂ ಪೂರ್ತಿ ಬರೆಯಿರಿ. 1864ರ ಇಂಗ್ಲೆಂಡಿನ ರಾಫಲ್ಸ್ ಪ್ರಕರಣದಲ್ಲಿ ಬಾಂಬೆಯಿಂದ ‘ಪೀರ್‌ಲೆಸ್’ ಹಡಗಿನಲ್ಲಿ ಬರುವ ಹತ್ತಿಗೆ ಒಪ್ಪಂದವಾಗಿತ್ತು. ಅದೇ ಹೆಸರಿನ ಎರಡು ಹಡಗುಗಳಿದ್ದವು, ಒಂದು ಅಕ್ಟೋಬರಿನಲ್ಲಿ ಹೊರಡುವಂಥದ್ದು, ಇನ್ನೊಂದು ಡಿಸೆಂಬರಿನಲ್ಲಿ. ಕೊಳ್ಳುವವರ ಮನಸ್ಸಿನಲ್ಲಿ ಒಂದು, ಮಾರುವವರ ಮನಸ್ಸಿನಲ್ಲಿ ಇನ್ನೊಂದು. ತೀರ್ಪು ಕೊಳ್ಳುವವರ ಪರವಾಯಿತು, ಮಾರಿದವರಿಗೆ ಹತ್ತಿಯ ಬೆಲೆ ಸಿಗಲಿಲ್ಲ. ಒಪ್ಪಂದದಲ್ಲಿ ಹಡಗು ಹೊರಡುವ ತಿಂಗಳೊಂದನ್ನು ಬರೆದಿದ್ದರೆ ಸಾಕಿತ್ತು.

ಎರಡು ಅರ್ಥ ಬರುವ ಷರತ್ತನ್ನು ಅದನ್ನು ಬರೆದವರ ವಿರುದ್ಧವಾಗಿ ಅರ್ಥೈಸುವ ಪದ್ಧತಿ ಅನೇಕ ದೇಶಗಳ ಕೋರ್ಟುಗಳಲ್ಲಿದೆ, ವಿಮೆಯಂಥ ಸಿದ್ಧ ನಮೂನೆಗಳ ವಿಷಯದಲ್ಲಿ ವಿಶೇಷವಾಗಿ. ಎರಡೂ ಕಡೆಯವರು ಕೂತು ಸಮಾನವಾಗಿ ಬರೆದ ಒಪ್ಪಂದಕ್ಕೆ ಇದು ಅಷ್ಟಾಗಿ ಅನ್ವಯಿಸದು. ಹಾಗಾಗಿ ಕಂಪನಿ ಕಳಿಸಿದ ಕರಡನ್ನು ಮೂಲ ರೂಪದಲ್ಲೇ, ಯಾರು ಯಾವ ದಿನ ಕಳಿಸಿದರು ಎಂಬುದು ಕಾಣುವಂತೆ ಇಟ್ಟುಕೊಳ್ಳಿ. ನೀವು ಸೇರಿಸಿದ ತಿದ್ದುಪಡಿಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿದ ಪ್ರತಿಯನ್ನೂ ಅದರ ಜೊತೆಗೇ ಇಡಿ. ಮಸುಕಾಗಿ ಉಳಿದ ಸಾಲು ಯಾರು ಬರೆದದ್ದು ಎಂಬ ಪ್ರಶ್ನೆ ಎದ್ದಾಗ ಈ ಎರಡು ಪ್ರತಿಗಳೇ ಬೇಕಾಗುತ್ತವೆ.